ಉಳಿಸಿಟ್ಟ ತುದಿ

ಮೂರು ವಾರ ಕೂತು ತಿದ್ದಿ ತೀಡಿದ ನನ್ನ ಡ್ರಾಯಿಂಗು ಜುಲೈ ತಿಂಗಳ ಒಂದು ಮಂಗಳವಾರ ಟೂಲ್ ರೂಮಿನಿಂದ ವಾಪಸು ಬಂತು. ಅದರ ಮೂಲೆಯಲ್ಲಿ ಕೆಂಪು ಪೆನ್ಸಿಲಿನಲ್ಲಿ, ಮರಾಠಿಯಲ್ಲಿ ಯಾರೋ ಬರೆದಿದ್ದರು: ‘ಇಷ್ಟು ಗಿಡ್ಡ ತುದಿ ನೋಡಲು ಚೆಂದ. ಕೆಲಸ ಮಾಡುವುದಿಲ್ಲ.’

ನಾನು ತ್ರಿವೇಣಿ. ಮರಾಠಿ ನಾಡಿನ ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯಲ್ಲಿ ಕನೆಕ್ಟರ್ ವಿನ್ಯಾಸ ಮಾಡುವವಳು. ಎರಡು ಸರ್ಕ್ಯೂಟ್ ಬೋರ್ಡುಗಳನ್ನು ಜೋಡಿಸುವ ಪುಟ್ಟ ಪ್ಲಾಸ್ಟಿಕ್ ತುಂಡು; ಅದರೊಳಗೆ ಸಾಲಾಗಿ ನಿಂತ, ಚಿನ್ನದ ಲೇಪವಿರುವ ಸ್ಪ್ರಿಂಗುಗಳು. ನಮ್ಮಪ್ಪ ನಿಜಲಿಂಗಪ್ಪನವರು ಇವತ್ತಿಗೂ ಜನರಿಗೆ ‘ಮಗಳು ಪ್ಲಗ್ ಮಾಡ್ತಾಳ್ರಿ’ ಅಂತಲೇ ಹೇಳುವುದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವವರೂ ಅವರೇ.

ಆ ದಿನ ಆ ಸಿಟ್ಟನ್ನೂ ಡ್ರಾಯಿಂಗನ್ನೂ ಹಿಡಿದುಕೊಂಡು ಸೀದಾ ಟೂಲ್ ರೂಮಿಗೆ ಹೋದೆ. ತಗಡಿನಿಂದ ಸ್ಪ್ರಿಂಗು ಕತ್ತರಿಸುವ ಅಚ್ಚುಗಳನ್ನು, ಅಂದರೆ ಡೈಗಳನ್ನು, ಮಾಡುವುದು ಅಲ್ಲೇ. ಗ್ರೈಂಡಿಂಗ್ ಮಷಿನ್ನಿನ ಮುಂದೆ ಕೂತಿದ್ದವನು ತಲೆಯೆತ್ತಿದ. ಮೂವತ್ತೆರಡು ಮೂವತ್ತಮೂರರ ಪ್ರಾಯ, ಮುಂಗೈವರೆಗೆ ಎಣ್ಣೆ.

“ಇದನ್ನು ಬರೆದವರು ಯಾರು?” ಮರಾಠಿಯಲ್ಲಿ ಕೇಳಿದೆ.

“ನಾನೇ. ಸುಹಾಸ,” ಅಂದ, ಮರಾಠಿಯಲ್ಲೇ.

“ಸ್ಪ್ರಿಂಗಿನ ತುದಿ ಉದ್ದ ಬಿಟ್ಟರೆ ಸಿಗ್ನಲ್ ಹಾಳಾಗುತ್ತದೆ.”

“ಗಿಡ್ಡ ಮಾಡಿದರೆ ಎದುರಿನ ಪಿನ್ ಜಾರಿ ಒಳಗೆ ಬರುವುದಿಲ್ಲ, ಗುದ್ದಿ ಬಾಗುತ್ತದೆ. ಸಿಗ್ನಲ್ ಹೋಗುವ ಮೊದಲು ಪಿನ್ ಹೋಗಬೇಕಲ್ಲ ಮೇಡಂ.”

ಮಾತು ಸರಿಯಾಗಿತ್ತು. ಅದಕ್ಕೇ ನನಗೆ ಸಿಟ್ಟು ಇನ್ನೂ ಏರಿತು. ಹೊರಗೆ ಬಂದು ಕಿಟಕಿಯ ಪಕ್ಕದಲ್ಲೇ ನಿಂತು ಅವ್ವನಿಗೆ ಫೋನು ಹಚ್ಚಿದೆ. ಈ ಕಾರ್ಖಾನೆಯಲ್ಲಿ ನನ್ನ ಕನ್ನಡ ಯಾರಿಗೂ ತಿಳಿಯುವುದಿಲ್ಲ ಎಂಬ ಎರಡು ವರ್ಷದ ಧೈರ್ಯ ನನಗೆ.

“ಯವ್ವಾ, ಇಲ್ಲೊಬ್ಬ ಮನಷ್ಯಾ ಅದಾನ. ಕಲ್ಲು ಅಂದ್ರ ಕಲ್ಲು. ಕಣ್ಣು ಮಾತ್ರ ಭಾಳ ಛಂದ ಅದಾವು. ಏನ್ ಮಾಡೂದದ ಅವನ್ನ ತಗೊಂಡು.”

ಕಿಟಕಿಯ ಒಳಗಿನಿಂದ ಮೆಲ್ಲಗೆ ಒಂದು ದನಿ ಬಂತು. “ಕಣ್ಣು ದೇವರು ಕೊಟ್ಟದ್ದು ಮೇಡಂ, ಅದಕ್ಕೆ ನಾನೆಂತ ಮಾಡುದು. ಡೈ ಮಾತ್ರ ನಾನು ಮಾಡುದು.”

ಅಚ್ಚ ಕರಾವಳಿಯ ಕನ್ನಡ. ಫೋನಿನಲ್ಲಿ ಅವ್ವ “ಯಾರವಾ ಅಂವ?” ಅಂತ ಕೇಳುತ್ತಲೇ ಇದ್ದಳು. ನಾನು ಫೋನು ಕಟ್ ಮಾಡಿ, ಮುಖ ಮುಚ್ಚಿಕೊಳ್ಳಲು ಡ್ರಾಯಿಂಗನ್ನೇ ಅಡ್ಡ ಹಿಡಿದುಕೊಂಡು ಅಲ್ಲಿಂದ ಓಡಿದೆ.

*

ಆಮೇಲೆ ತಿಳಿಯಿತು: ಸುಹಾಸನ ತಂದೆ ತನಿಯಪ್ಪನವರ ಹೋಟೆಲು, ನಾನು ಅಪ್ಪ ಅವ್ವನ ಜೊತೆ ಇರುವ ಕೋಥರೂಡದಲ್ಲೇ, ಬಸ್ ಡಿಪೋದ ಹಿಂದೆ. ಎಷ್ಟೋ ರವಿವಾರ ಅಲ್ಲಿ ಇಡ್ಲಿ ತಿಂದಿದ್ದೆ, ಗಲ್ಲಾದ ಮೇಲೆ ಕೂತ ಹಿರಿಯರಿಗೆ ಚಿಲ್ಲರೆಗಾಗಿ ಬಾಯಿ ಮಾಡಿದ್ದೆ. ಮನೆಯವರೆಲ್ಲ ಹೋಟೆಲಿನಲ್ಲಿದ್ದರೆ ಇವನೊಬ್ಬನೇ ಹನ್ನೆರಡು ವರ್ಷದಿಂದ ಉಕ್ಕಿನ ಬೆನ್ನು ಹತ್ತಿದ್ದ.

ಮೂರನೆಯ ದಿನ ಅವನೇ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತ. ಕೈ ತೊಳೆದುಕೊಂಡಿದ್ದ, ಕೂದಲು ಬಾಚಿಕೊಂಡಿದ್ದ.

“ಆ ತುದಿಯಲ್ಲಿ ಎಂತ ಆಗ್ತದೆ ಅಂತ ನನಗೊಮ್ಮೆ ತೋರಿಸ್ತೀರಾ? ಇಷ್ಟು ವರ್ಷ ಅಳತೆ ಹೇಳಿದ್ದಾರೆ. ಯಾಕೆ ಅಂತ ಯಾರೂ ಹೇಳ್ಲಿಲ್ಲ.”

ಕಂಪ್ಯೂಟರಿನ ಮುಂದೆ ಕೂರಿಸಿ ತೋರಿಸಿದೆ. “ಸ್ಪ್ರಿಂಗ್ ಎದುರಿನ ಪಿನ್ನಿಗೆ ಮುಟ್ಟೂದು ಇಲ್ಲಿ, ಒಂದು ಚುಕ್ಕಿಯಷ್ಟು ಜಾಗಾದಾಗ. ಸಿಗ್ನಲ್ ಇಲ್ಲೇ ದಾಟಿ ಹೋಗ್ತದ. ಆದ್ರ ಚುಕ್ಕಿ ಆಚೆ ಉಳಿದ ಈ ತುದಿ ಅದ ನೋಡ್ರಿ, ಅದರೊಳಗೂ ಒಂದು ಪಾಲು ನುಗ್ತದ. ಮುಂದ ಹಾದಿ ಇಲ್ಲ. ತಿರುಗಿ ಬರ್ತದ. ಬರೂದ್ರೊಳಗ ಸಿಗ್ನಲಿನ ಮುಂದಿನ ಅಲಿ ಬಂದಿರ್ತದ. ಒಂದು ಏಳೂ ಹೊತ್ತಿಗೆ ಇನ್ನೊಂದು ಬೀಳ್ತಿದ್ರ ಎರಡೂ ಅಳಿಸಿ ಹೋಗ್ತಾವು.”

“ಅಷ್ಟು ಸಣ್ಣ ತುದಿಯಲ್ಲಿ?”

“ಸೆಕೆಂಡಿಗೆ ನಾಲ್ಕು ಸಾವಿರ ಕೋಟಿ ಸಲ ಏರಿ ಇಳಿಯೂ ಅಲಿಗೆ ಅದು ಸಣ್ಣದಲ್ರಿ.”

ಅವನು ನಾಲ್ಕು ಸಾವಿರ ಕೋಟಿ ಎಂಬುದನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡ. ನನಗೂ ಹಾಗೆಯೇ ಆಗುತ್ತದೆ. ಏಳು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಆ ಸಂಖ್ಯೆಯನ್ನು ನಿಜವಾಗಿ ನೆನೆದಾಗ ಇವತ್ತಿಗೂ ಎದೆ ಝಲ್ ಎನ್ನುತ್ತದೆ.

“ಇನ್ನೊಂದು ಕೇಳ್ರಿ. ಅಷ್ಟು ಜೋರಿನ್ಯಾಗ ಕರೆಂಟ್ ಲೋಹದ ಒಳಗ ಇಳಿಯೂದೇ ಇಲ್ಲ. ಮ್ಯಾಲಿನ ಪದರಿನ್ಯಾಗ ಅಷ್ಟೇ ಓಡ್ತದ. ಕೂದಲಿನ ದಪ್ಪದಾಗ ಇನ್ನೂರು ಪಾಲು ಮಾಡ್ರಿ, ಅದರಾಗ ಒಂದು ಪಾಲು.”

ಸುಹಾಸ ತನ್ನ ಬೆರಳುಗಳನ್ನೇ ನೋಡಿಕೊಂಡ. “ಹಾಗಾದ್ರೆ ನಾನು ನಯ ಮಾಡಿದ ಮೇಲ್ಮೈಯಲ್ಲೇ ಓಡುದಾ ಅದು?”

“ಹೌದ್ರಿ. ನೀವು ನಯ ಮಾಡಿದಲ್ಲೇ.”

ಹೇಳಿದ ಮೇಲೆ ಯಾಕೋ ನನ್ನ ಕಿವಿ ಬಿಸಿಯಾಯಿತು. ಅವನೂ ತಟ್ಟನೆ ಸ್ಕ್ರೀನಿನ ಕಡೆ ತಿರುಗಿದ. ಆದರೆ ಸ್ಕ್ರೀನಿನ ಗಾಜಿನಲ್ಲಿ ಅವನ ಕಣ್ಣು ನನ್ನನ್ನೇ ನೋಡುತ್ತಿದ್ದವು.

ಮಾರನೆಯ ದಿನ ಟೂಲ್ ರೂಮಿನಲ್ಲಿ ಅವನ ಸರದಿ. ತಗಡು ಕತ್ತರಿಸುವ ಒಂದು ಪಂಚಿನ ಅಂಚಿನ ಮೇಲೆ ಕಣ್ಣು ಮುಚ್ಚಿ ಉಗುರು ಎಳೆದು, “ಇಲ್ಲಿ ಮೂರು ಮೈಕ್ರಾನ್ ಎದ್ದಿದೆ,” ಅಂದ. ನಾನು ನಕ್ಕೆ. ಅಳೆದು ನೋಡಿದರೆ ಮೂರು. ಉಪಕರಣ ಹೇಳದ ಹೊರತು ಹಗಲನ್ನೂ ಹಗಲೆಂದು ನಂಬದ ನಾನು ಇನ್ನೊಂದು ಸಲ ಅಳೆದೆ; ಆಗಲೂ ಮೂರೇ. ಆ ಉಗುರನ್ನು ಮತ್ತೊಮ್ಮೆ ನೋಡಬೇಕೆನಿಸಿತು, ಕೇಳಲು ನಾಚಿಕೆಯಾಯಿತು.

ಪಿನ್ ಗುದ್ದುವ ಸಮಸ್ಯೆಗೆ ಉಪಾಯ ಸಿಕ್ಕಿದ್ದೂ ಅವನಿಂದಲೇ, ಅದೂ ಅವರ ಹೋಟೆಲಿನ ಅಡುಗೆಮನೆಯಿಂದ. ದೋಸೆ ಮಗುಚುವ ಸಟ್ಟುಗವನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದ.

“ನೋಡಿ, ಇದರ ಮೂತಿ ಎಷ್ಟು ಗಿಡ್ಡ. ಆದ್ರೂ ದೋಸೆಯ ಅಡಿಗೆ ಹೇಗೆ ಜಾರ್ತದೆ? ಉದ್ದದಿಂದ ಅಲ್ಲ, ಓರೆಯಿಂದ. ಅಂಚನ್ನು ಓರೆ ಮಾಡಿದ್ರೆ ನಿಮ್ಮ ಗಿಡ್ಡ ತುದಿಯೂ ಜಾರ್ತದೆ.”

“ಇದನ್ನ ಮೀಟಿಂಗಿನ್ಯಾಗ ಹೆಂಗ ಹೇಳ್ಲಿ? ಸಟ್ಟುಗದ ತಂತ್ರಜ್ಞಾನ ಅಂತನಾ?”

“ಹೇಳಿ. ಸ್ಯಾಂಪಲಿಗೆ ಎಲ್ಲರಿಗೂ ಒಂದೊಂದು ಮಸಾಲೆ ದೋಸೆ ಕೊಡುವ.”

ಹಳೆಯ ಕನೆಕ್ಟರಿನಲ್ಲಿ ಸುಮಾರು ಎರಡು ಮಿಲಿಮೀಟರ್ ಇದ್ದ ತುದಿ ಹೊಸ ಡ್ರಾಯಿಂಗಿನಲ್ಲಿ ಬರೀ ಪಾಯಿಂಟ್ ಎಂಟು ಮಿಲಿಮೀಟರ್ ಆಯಿತು, ಓರೆ ಅಂಚಿನೊಂದಿಗೆ. ಈ ಸಲ ಮೂಲೆಯಲ್ಲಿ ಕೆಂಪು ಪೆನ್ಸಿಲಿನ ಒಂದೇ ಒಂದು ಗುರುತು ಇತ್ತು. ಸರಿ ಎಂಬ ಗುರುತು.

*

ಆಗಸ್ಟು, ಸಪ್ಟೆಂಬರು ಡೈ ಮಾಡುವುದರಲ್ಲೇ ಕಳೆಯಿತು. ಕಂಪನಿ ಬಸ್ಸಿನಲ್ಲಿ ಅವನು ಮುಂದಿನ ಸಾಲು, ನಾನು ಹಿಂದಿನ ಸಾಲು. ಆದರೆ ಇಳಿಯುವ ಹೊತ್ತಿಗೆ ಹೇಗೋ ಒಂದೇ ಸಾಲಿನಲ್ಲಿರುತ್ತಿದ್ದೆವು. ದಸರೆಗೆ ಆರು ದಿನ ಇರುವಾಗ, ಅದೇ ಬಸ್ಸಿನಲ್ಲಿ ಅವನು ಹೇಳಿದ.

“ಈ ಕನೆಕ್ಟರ್ ಗ್ರಾಹಕರಿಗೆ ಒಪ್ಪಿಗೆ ಆಗದಿದ್ರೆ ಇನ್ನು ಡೈ ಎಲ್ಲ ಹೊರಗಿನಿಂದ ತರಿಸ್ತಾರಂತೆ. ಟೂಲ್ ರೂಮಿಗೆ ಬರೀ ರಿಪೇರಿ. ಹಾಗಾದ್ರೆ ನಾನು ಇಲ್ಲಿರುದಿಲ್ಲ. ಅಪ್ಪ ಅಷ್ಟು ದೂರ ಕುರಕುಂಭದಲ್ಲಿ ಫ್ಯಾಕ್ಟರಿಗಳ ಹತ್ತಿರ ಇನ್ನೊಂದು ಹೋಟೆಲು ಹಾಕಿದ್ದಾರೆ. ಡೈ ಕೆಲಸ ನಿಂತ ದಿನ ಅಲ್ಲಿ ಗಲ್ಲಾಕ್ಕೆ ಕೂತ್ಕೊಳ್ತೇನೆ ಅಂತ ಮಾತು ಕೊಟ್ಟಿದ್ದೇನೆ.”

ಮೈಕ್ರಾನ್ ಮುಟ್ಟಿ ತಿಳಿಯುವ ಆ ಬೆರಳುಗಳು ಟೋಕನ್ ಹರಿಯುವುದನ್ನು ನೆನೆದೆ. ಇನ್ನೊಂದು ವಿಷಯವೂ ಇತ್ತು. ಈ ಬಸ್ಸು ಅವನಿಲ್ಲದೆ ಕೋಥರೂಡಕ್ಕೆ ಹೋಗುವುದನ್ನು ನಾನು ಒಪ್ಪಲಾರೆ ಎಂದು ಆ ಕ್ಷಣಕ್ಕೆ ಸ್ಪಷ್ಟವಾಗಿ ತಿಳಿಯಿತು.

“ಇಲ್ಲಿ ಇರಬೇಕು ಅನ್ನಾಕ ನಿಮಗ ಬ್ಯಾರೆ ಕಾರಣ ಏನೂ ಇಲ್ಲೇನ್ರಿ?”

ಅವನು ನನ್ನನ್ನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಎರಡು ಸ್ಟಾಪು ಹೋದವು. ಏನೋ ಹೇಳಲು ಬಾಯಿ ತೆರೆದವನು ಕಿಟಕಿಯ ಕಡೆ ತಿರುಗಿಬಿಟ್ಟ. “ಈಗ ಬೇಡ. ಮೊದಲು ಡೈ ಆಗ್ಲಿ.”

“ಹಂಗಾದ್ರ ಹೋಗ್ರಿ ಕುರಕುಂಭಕ್ಕ,” ಅಂದು ಎದ್ದು ಹಿಂದಿನ ಸೀಟಿಗೆ ಹೋದೆ.

ನಾಲ್ಕು ದಿನ ಮಾತಿಲ್ಲ. ನಾನು ಅವನು ಬರಲಿ ಎಂದು, ಅವನು ನಾನು ಕರೆಯಲಿ ಎಂದು. ನಾಲ್ಕನೆಯ ದಿನ ಮಧ್ಯಾಹ್ನ ಹೊಸ ಡೈಯ ಮೊದಲ ಸ್ಪ್ರಿಂಗುಗಳ ಪೊಟ್ಟಣ ನನ್ನ ಟೇಬಲ್ಲಿಗೆ ಬಂತು. ಜೊತೆಗೆ ಬರಬೇಕಾದ ಅಳತೆಯ ವರದಿ ಬಂದಿರಲಿಲ್ಲ. ವರದಿ ನೋಡದೆ ಯಾರೂ ಮುಂದುವರಿಯುವುದಿಲ್ಲ. ನಾನು ಮುಂದುವರಿದೆ. ಮುನಿಸು ಮನುಷ್ಯನ ಮೇಲಿತ್ತೇ ಹೊರತು ಅವನ ಕೈಯ ಮೇಲಿರಲಿಲ್ಲ. ಸುಹಾಸ ಮಾಡಿದ್ದನ್ನು ಇನ್ನೊಬ್ಬರು ಏನು ಅಳೆಯುವುದು ಅಂದುಕೊಂಡೆ.

ಕನೆಕ್ಟರಿಗೆ ಜೋಡಿಸಿ ಅಳೆದೆ. ಸ್ಕ್ರೀನಿನ ಮೇಲೆ, ದಾಟಿ ಹೋದ ಸಿಗ್ನಲ್ ಎಷ್ಟೆಂದು ತೋರಿಸುವ ಗೆರೆ ಎಡದಿಂದ ಮೆಲ್ಲಗೆ ಇಳಿಯುತ್ತ ಬಂತು. ಹತ್ತು ಗಿಗಾಹರ್ಟ್ಸ್, ಇಪ್ಪತ್ತು, ಮೂವತ್ತು. ಮೂವತ್ತಾರರಲ್ಲಿ ಬಾವಿಗೆ ಬಿದ್ದಂತೆ ಕೆಳಗೆ ಹೋಯಿತು. ನಲವತ್ತರವರೆಗೆ, ಅಂದರೆ ಆ ನಾಲ್ಕು ಸಾವಿರ ಕೋಟಿಯವರೆಗೆ, ಗೆರೆ ಎಲ್ಲಿಯೂ ಕುಸಿಯಬಾರದು ಎಂಬುದು ಗ್ರಾಹಕರ ಷರತ್ತು. ಮರುದಿನ ಸಂಜೆ ನಾಲ್ಕಕ್ಕೆ ಅವರಿಗೆ ಗ್ರಾಫ್ ಕಳಿಸಬೇಕಿತ್ತು.

ಕೇಬಲ್ ಬದಲಾಯಿಸಿದೆ, ಮಷಿನ್ನನ್ನು ಮತ್ತೆ ಸೊನ್ನೆಯಿಂದ ಹೊಂದಿಸಿದೆ, ನನ್ನ ಲೆಕ್ಕಗಳನ್ನೆಲ್ಲ ಅನುಮಾನಿಸಿದೆ. ಬಾವಿ ಇದ್ದಲ್ಲೇ ಇತ್ತು.

*

ಬೆಳಿಗ್ಗೆ ಬಸ್ಸಿನಲ್ಲಿ, ಮುಂದಿನ ಸಾಲಿನಲ್ಲಿ ಕಾಣುತ್ತಿದ್ದ ಅವನ ಬೆನ್ನನ್ನು ನೋಡುತ್ತ ಕೂತಾಗ ಹೊಳೆಯಿತು. ಇಷ್ಟುದ್ದದ ತುದಿಗೆ ಎಲ್ಲಿ ಬಾವಿ ಬೀಳುತ್ತದೆ ಎಂದು ಲೆಕ್ಕ ಹಾಕುವವಳು ನಾನು. ಬಾವಿ ಇಲ್ಲಿದ್ದರೆ ತುದಿ ಎಷ್ಟುದ್ದ ಎಂದು ತಿರುಗಿಸಿ ಯಾಕೆ ಕೇಳಬಾರದು? ಕ್ಯಾಂಟೀನ್ ಕೂಪನ್ನಿನ ಹಿಂದೆ ಲೆಕ್ಕ ಮಾಡಿದೆ. ಒಂದು ಪಾಯಿಂಟ್ ಎರಡು ಮಿಲಿಮೀಟರ್. ಡ್ರಾಯಿಂಗಿನಲ್ಲಿದ್ದದ್ದು ಪಾಯಿಂಟ್ ಎಂಟು.

ಅವತ್ತು ಆಯುಧಪೂಜೆ, ಇಲ್ಲಿಯವರ ಖಂಡೇ ನವಮಿ. ಟೂಲ್ ರೂಮಿನ ತುಂಬ ಚೆಂಡುಹೂವಿನ ರಾಶಿ. ಹಿರಿಯ ಕೆಲಸಗಾರ ಶೆಳಕೆ ಕಾಕಾ ಕುಂಕುಮ ಕಲಸುತ್ತಿದ್ದರು. ಹನ್ನೊಂದಕ್ಕೆ ಪೂಜೆ, ಪೂಜೆಯಾದ ಮೇಲೆ ಮರುದಿನದವರೆಗೆ ಯಾವ ಯಂತ್ರವನ್ನೂ ಯಾರೂ ಮುಟ್ಟುವುದಿಲ್ಲ.

ಸುಹಾಸ ಗ್ರೈಂಡರನ್ನು ಒರೆಸುತ್ತಿದ್ದ. ಅವನ ಮುಂದೆ ಗ್ರಾಫ್ ಇಟ್ಟೆ.

“ತುದಿ ಪಾಯಿಂಟ್ ಫೋರ್ ಉದ್ದ ಆಗ್ಯದ.”

ಅವನ ಕೈ ನಿಂತಿತು. “ಯಾರು ಅಳೆದದ್ದು?”

“ಯಾರೂ ಅಳದಿಲ್ಲ. ಇದು ಹೇಳ್ತು.” ಬಾವಿಯ ಮೇಲೆ ಬೆರಳಿಟ್ಟೆ.

ಅವನು ಒಂದು ಸ್ಪ್ರಿಂಗನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟ. ಬಹಳ ಹೊತ್ತು ತಲೆಯೆತ್ತಲಿಲ್ಲ. ಎತ್ತಿದಾಗ ಅವನ ಮುಖದಲ್ಲಿದ್ದ ಬೆರಗನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ.

“ಒಂದು ಪಾಯಿಂಟ್ ಎರಡು. ಸರಿಯಾಗಿ,” ಅಂದ. “ನಾನು ಕಣ್ಣಲ್ಲಿ ನೋಡಿ ಅಳೆಯುದು. ನೀವು ಅಲ್ಲಿಗೆ ಹೋಗಿ ಬಂದ ಅಲೆಯನ್ನು ಕೇಳಿ ಅಳೆದ್ರಲ್ಲ ಮಾರಾಯ್ರೆ.”

“ಉದ್ದ ಯಾಕ ಮಾಡಿದ್ರಿ, ಅದನ್ನ ಹೇಳ್ರಿ.”

“ಮೊದಲ ಟ್ರಯಲಿಗೆ ಯಾವಾಗ್ಲೂ ಸ್ವಲ್ಪ ಉಳಿಸುದು ನಮ್ಮ ಪದ್ಧತಿ. ಲೋಹ ಆಮೇಲೆ ತೆಗೀಬಹುದು, ಸೇರಿಸ್ಲಿಕ್ಕೆ ಆಗುದಿಲ್ಲ. ಪಿನ್ ಚೆಂದ ಜಾರುದು ನೋಡಿ, ನೀವು ಹೂಂ ಅಂದ ಮೇಲೆ ಉಳಿದದ್ದನ್ನು ತೆಗೆಯುವ ಅಂತ ಇದ್ದೆ. ವರದಿಗೆ ಸೇರಿಸ್ಲಿಕ್ಕೆ ಬರೆದು ಕೊಟ್ಟಿದ್ದೇನೆ.”

“ವರದಿ ನಾ ನೋಡಿಲ್ಲ.”

“ನೋಡದೆ ಅಳೆದ್ರಾ? ಯಾಕೆ?”

“ಮಾಡಿದವರು ನೀವು, ಅದಕ್ಕ.” ನನ್ನ ದನಿ ಸಣ್ಣದಾಯಿತು. “ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇನ್ರಿ?”

“ನೀವು ಕುರಕುಂಭಕ್ಕೆ ಹೋಗು ಅಂದಿದ್ರಲ್ಲ.”

ಇಬ್ಬರೂ ತಲೆ ತಗ್ಗಿಸಿದೆವು. ಎರಡು ತಿಂಗಳ ಕೆಲಸ ನಾಲ್ಕು ದಿನದ ಮುನಿಸಿನಲ್ಲಿ ಸಿಕ್ಕಿಕೊಂಡಿತ್ತು.

“ಡೈಯಲ್ಲಿ ತುದಿ ಕತ್ತರಿಸುವ ಪಂಚಿನ ಹಿಂದೆ ಒಂದು ಪಟ್ಟಿ ಉಂಟು,” ಸುಹಾಸ ಮೆಲ್ಲಗೆ ಹೇಳಿದ. “ಅದನ್ನು ಪಾಯಿಂಟ್ ಫೋರ್ ತೆಳು ಮಾಡಿದ್ರೆ ಸಾಕು. ಆದ್ರೆ ಬಿಚ್ಚಿ ಕೂರಿಸ್ಲಿಕ್ಕೆ ಮೂರು ಗಂಟೆ ಬೇಕು. ಪೂಜೆ ಉಂಟಲ್ಲ.”

ಶೆಳಕೆ ಕಾಕಾರಿಗೆ ನಮ್ಮ ಕನ್ನಡ ತಿಳಿಯದು. ನಮ್ಮಿಬ್ಬರ ಮುಖ ತಿಳಿಯುತ್ತಿತ್ತು. ನಾನು ಮರಾಠಿಯಲ್ಲಿ ಎಲ್ಲ ಹೇಳಿದೆ. ಅವರು ಗಡಿಯಾರ ನೋಡಿದರು, ಕೈಯಲ್ಲಿದ್ದ ತೆಂಗಿನಕಾಯಿಯನ್ನು ಕೆಳಗಿಟ್ಟರು.

“ಹೂವನ್ನು ನೀರಲ್ಲಿಡಿ,” ಅಂದರು ಎಲ್ಲರಿಗೂ. “ಆಯುಧ ಕೆಲಸ ಮುಗಿಸಿ ಬರಲಿ. ದೇವಿಗೆ ಅವಸರವಿಲ್ಲ.”

ಮುಂದಿನ ಮೂರು ಗಂಟೆ ನಾನು ಅಲ್ಲೇ ನಿಂತಿದ್ದೆ. ಗ್ರೈಂಡರಿನ ಕಲ್ಲು ಪಟ್ಟಿಯನ್ನು ಮುಟ್ಟಿದಾಗ ಒಂದು ಎಳೆ ಕಿಡಿ, ಆಮೇಲೆ ಅಳತೆ, ಮತ್ತೆ ಒಂದು ಎಳೆ ಕಿಡಿ. ಅವನು ಒಂದು ಸಲವೂ ಅವಸರ ಮಾಡಲಿಲ್ಲ. ಕೊನೆಗೆ ಪ್ರೆಸ್ ಓಡಿತು. ಚಿನ್ನದ ಬಣ್ಣದ ತಗಡಿನ ಸುರುಳಿ ಒಂದು ಕಡೆ ಒಳಹೋಗಿ, ಇನ್ನೊಂದು ಕಡೆಯಿಂದ ಸಾಲುಸಾಲಾಗಿ ಸ್ಪ್ರಿಂಗುಗಳು ಹೊರಬಂದವು. ಅಕ್ಕಿಕಾಳಿಗಿಂತ ಸಣ್ಣವು. ಒಂದನ್ನು ಅಂಗೈಯಲ್ಲಿಟ್ಟುಕೊಂಡೆ, ಭಾರವೇ ಇರಲಿಲ್ಲ.

ಈ ಸಲ ವರದಿ ಮೊದಲು ಓದಿದೆ. ಪಾಯಿಂಟ್ ಎಂಟು.

ಲ್ಯಾಬಿನಲ್ಲಿ ಎರಡೂ ಕೇಬಲ್ ಬಿಗಿದು ಬಟನ್ ಒತ್ತಿದೆ. ಸುಹಾಸ ನನ್ನ ಹಿಂದೆ ನಿಂತಿದ್ದ. ಗೆರೆ ಹೊರಟಿತು. ಹತ್ತು. ಇಪ್ಪತ್ತು. ಮೂವತ್ತು. ಮೂವತ್ತೈದು. ಮೂವತ್ತಾರನ್ನು ಗೆರೆ ಏನೂ ಆಗಿಯೇ ಇಲ್ಲವೆಂಬಂತೆ ದಾಟಿತು. ನಲವತ್ತಕ್ಕೆ ತಲುಪಿ ನಿಂತಿತು.

ನಮ್ಮ ಕಣ್ಣಮುಂದೆ, ಆ ಪುಟ್ಟ ಸ್ಪ್ರಿಂಗಿನ ಮೈಮೇಲೆ, ಸೆಕೆಂಡಿಗೆ ನಾಲ್ಕು ಸಾವಿರ ಕೋಟಿ ಅಲೆಗಳು ಎಲ್ಲಿಯೂ ಎಡವದೆ ಹಾಯುತ್ತಿದ್ದವು. ಅವನ ಕೈ ಓಡಿದಲ್ಲಿ, ನನ್ನ ಲೆಕ್ಕ ಹೇಳಿದಂತೆ. ಕಾಣಿಸದ, ಕೇಳಿಸದ ಇಂಥದ್ದೊಂದಕ್ಕೆ ನಾವಿಬ್ಬರು ಸೇರಿ ದಾರಿ ಮಾಡಿದ್ದೆವು. ನನ್ನ ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲೂ ಇಲ್ಲ. ಬಾಗಿಲಲ್ಲಿ ಶೆಳಕೆ ಕಾಕಾ ಚಪ್ಪಲಿ ಬಿಟ್ಟು ಬಂದು ನಿಂತಿದ್ದರು. ಅವರಿಗೆ ಗ್ರಾಫ್ ಓದಲು ಬರುವುದಿಲ್ಲ. ಸ್ಕ್ರೀನನ್ನು ನೋಡಿ ಸುಮ್ಮನೆ ಕೈ ಮುಗಿದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಗ್ರಾಫ್ ಹೋಯಿತು. ಪೂಜೆಯ ಮಂಗಳಾರತಿಯ ಹೊತ್ತಿಗೆ ಉತ್ತರ ಬಂತು. ಒಪ್ಪಿಗೆ, ಉಳಿದ ಡೈಗಳನ್ನೂ ಇಲ್ಲೇ ಮಾಡಬೇಕು. ಚೆಂಡುಹೂವಿನ ಮಾಲೆ ಹಾಕಿಕೊಂಡ ಗ್ರೈಂಡರಿನ ಪಕ್ಕದಲ್ಲಿ ಸುಹಾಸ ಕಣ್ಣು ಮುಚ್ಚಿ ನಿಂತಿದ್ದ.

*

ಸಂಜೆಯ ಬಸ್ಸಿನಲ್ಲಿ ಅವನು ಮುಂದಿನ ಸಾಲನ್ನು ದಾಟಿ ನೇರ ನನ್ನ ಪಕ್ಕಕ್ಕೆ ಬಂದು ಕೂತ. ಹಣೆಯ ಮೇಲೆ ಕುಂಕುಮ, ಕೈಯಲ್ಲಿ ಪ್ರಸಾದದ ಪೇಢೆ. ಅರ್ಧ ಮುರಿದು ನನಗೆ ಕೊಟ್ಟ.

“ನಿಮಗೆ ಒಂದು ಹೇಳ್ಲಿಕ್ಕುಂಟು.”

“ಅದರಾಗೂ ಸ್ವಲ್ಪ ಉಳಿಸಿ ಹೇಳೂದಾದ್ರ ಬ್ಯಾಡ್ರಿ.”

ಅವನು ನಕ್ಕ. “ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ. ನನಗೆ ಅದೇ ಹೆದರಿಕೆ ಇದ್ದದ್ದು. ನೀವು ಬೇಡ ಅಂದ್ರೆ ಮತ್ತೆ ಈ ಬಸ್ಸಿನಲ್ಲಿ ಹೇಗೆ ಬರುದು ಅಂತ.”

“ಆಡದ ಇಟ್ಕೊಂಡ್ರ ಏನಾಗ್ತದ ಅನ್ನೂದನ್ನ ಇವತ್ತು ನೋಡಿದ್ರಲ್ಲ.”

“ನೋಡಿದೆ.” ಅವನು ನನ್ನ ಕಡೆ ಪೂರ್ತಿ ತಿರುಗಿದ. ಆ ಕಣ್ಣುಗಳು ಈಗ ಕಿಟಕಿಯ ಕಡೆ ಓಡಲಿಲ್ಲ. “ನನಗೆ ನೀವು ಬೇಕು ತ್ರಿವೇಣಿ. ಡೈ ಪಾಸಾಯ್ತು ಅಂತ ಹೇಳುದಲ್ಲ. ಫೇಲಾಗಿ ಕುರಕುಂಭದ ಗಲ್ಲಾದಲ್ಲಿ ಕೂತಿದ್ರೂ ನೀವೇ ಬೇಕಿತ್ತು. ಅದನ್ನು ಆ ದಿನವೇ ಹೇಳ್ಬೇಕಿತ್ತು. ತಪ್ಪಾಯ್ತು.”

ನನ್ನ ಬಾಯಲ್ಲಿ ಪೇಢೆ ಇತ್ತು. ಬದುಕಿನ ಇಷ್ಟು ದೊಡ್ಡ ಗಳಿಗೆಯಲ್ಲಿ ಉತ್ತರ ಕೊಡಲಾಗದೆ ಕೂತವಳು ನಾನೊಬ್ಬಳೇ ಇರಬೇಕು. ಅವನ ಕೈ ಹಿಡಿದುಕೊಂಡೆ. ಮೈಕ್ರಾನ್ ಹೇಳುವ ಆ ಉಗುರನ್ನು ಹೆಬ್ಬೆರಳಿನಿಂದ ಸವರಿದೆ, ಎಷ್ಟೋ ದಿನದ ಆಸೆ ತೀರಿತು.

ಅಷ್ಟರಲ್ಲಿ ಅವ್ವನ ಫೋನು.

“ಎಲ್ಲಿದ್ದೀಯವಾ? ಕೆಲಸ ಏನಾತು? ಆ ಕಲ್ಲಿನಂಥಾ ಮನಷ್ಯಾ ಇನ್ನೂ ಮಾತಾಡವಲ್ಲನೇನು?”

ಅವ್ವನ ದನಿಗೆ ಸ್ಪೀಕರ್ ಬೇಕಿಲ್ಲ. ಸುಹಾಸ ಹುಬ್ಬು ಏರಿಸಿದ. ನಾನು, “ಮಗ್ಗಲದಾಗ ಕುಂತಾರ. ನೀನೇ ಕೇಳು,” ಎಂದು ಫೋನನ್ನು ಅವನ ಕೈಗೆ ಕೊಟ್ಟೆ.

ಅವನು ನೆಟ್ಟಗೆ ಕೂತ. “ನಮಸ್ಕಾರ ಅಮ್ಮ. ನಾನು ಸುಹಾಸ. ಆ ಕಲ್ಲು ನಾನೇ. ನಾಳೆ ದಸರೆಗೆ ನಿಮ್ಮ ಮನೆಗೆ ಬನ್ನಿ ಕೊಡ್ಲಿಕ್ಕೆ ಬರಬಹುದಾ?”

“ಬನ್ನಿ ಕೊಡಾಕ ಬಂದವರನ್ನ ಯಾರಾದ್ರೂ ಬ್ಯಾಡ ಅಂತಾರೇನಪಾ,” ಅಂದಳು ಅವ್ವ. “ನಮ್ಮ ಹುಡುಗಿಗೆ ಸಿಟ್ಟು ಭಾಳ. ಗೊತ್ತದಿಲ್ಲೋ?”

“ಗೊತ್ತುಂಟು ಅಮ್ಮ. ಒಮ್ಮೆ ಕುರಕುಂಭದವರೆಗೆ ಓಡಿಸಿದ್ದಾರೆ.”

ಫೋನು ತಿರುಗಿ ನನ್ನ ಕೈಗೆ ಬಂತು. ಅವ್ವ ಈ ಸಲ ಪಿಸುಮಾತಿನಲ್ಲಿ ಹೇಳಿದಳು. “ಕಣ್ಣು ಛಂದ ಅದಾವು ಅಂದಿದ್ದಿ. ದನಿನೂ ಛಂದ ಅದ ನೋಡು.”

“ಅಮ್ಮ ಎಂತ ಹೇಳಿದ್ರು?” ಸುಹಾಸ ಕೇಳಿದ.

“ಏನಿಲ್ಲ,” ಅಂದೆ. ಮೊದಲ ಸಲಕ್ಕೆ ಸ್ವಲ್ಪ ಉಳಿಸಿಟ್ಟುಕೊಳ್ಳುವುದು ಟೂಲ್ ರೂಮಿನವರ ಪದ್ಧತಿಯೇ ತಾನೆ.